ತೊಲೆಯ ಲಾಳ

ಅರ್ಧಕ್ಕೆ ನಿಂತ ಕುಸ್ತಿಗೆ ಆ ಗರಡಿಯಲ್ಲಿ ಒಂದು ಹೆಸರಿತ್ತು. ತಂಗಳ ಕುಸ್ತಿ ಎನ್ನುತ್ತಿದ್ದರೋ, ತಂಗಿದ ಕುಸ್ತಿ ಎನ್ನುತ್ತಿದ್ದರೋ. ಕೇಳೋಣವೆಂದರೆ, ಮಗಳೇ, ನಾನು ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಆ ಮಾತು ಬಲ್ಲವರು ಯಾರೂ ಹತ್ತಿರದಲ್ಲಿಲ್ಲ.

ಹೆಸರು ಹೋಗಲಿ, ಕಟ್ಟಳೆ ನೆನಪಿದೆ. ಇಬ್ಬರು ಹಿಡಿದ ಕುಸ್ತಿ ಸೋಲು ಗೆಲುವು ಕಾಣದೆ ನಡುವೆ ನಿಂತರೆ, ಅದೇ ಇಬ್ಬರು ಮತ್ತೆ ಕೈ ಕೂಡಿಸಿ ಅದನ್ನು ಮುಗಿಸಬೇಕು. ಅಲ್ಲಿಯವರೆಗೆ ಬೇರೆ ಯಾರೊಡನೆಯೂ ಮಣ್ಣಿಗೆ ಇಳಿಯುವಂತಿಲ್ಲ.

ಗರಡಿ ಹೊಳೆಯ ದಂಡೆಯಲ್ಲಿತ್ತು. ಒಳಗೆ ಕೆಂಪು ಮಣ್ಣಿನ ಅಖಾಡ, ಮೇಲೆ ಕರಿ ಹಿಡಿದ ತೊಲೆ. ತೊಲೆಗೆ ಹಿಂದಿನವರು ಯಾರೋ ಒಂದು ಕುದುರೆ ಲಾಳ ಹೊಡೆದಿದ್ದರು. ನಿಂತವರು ಕತ್ತೆತ್ತಿ ಅದನ್ನು ನೋಡುವ ಪದ್ಧತಿ ಇರಲಿಲ್ಲ. ಅದು ಅಂಗಾತ ಬಿದ್ದವರ ಪಾಲಿನದು. ಯಾರದಾದರೂ ಬೆನ್ನು ಮಣ್ಣಿಗೆ ಹತ್ತಿತೋ, ಉಳಿದವರು ಕಾಡುತ್ತಿದ್ದರು: "ಲಾಳ ಕಂಡಿತೇನೋ?"

ಲಗಮಣ್ಣ ಆ ಗರಡಿಯ ವಸ್ತಾದ. ಕುಸ್ತಿ ಕಲಿಸುವ ಗುರುವಿಗೆ ಆ ಸೀಮೆಯಲ್ಲಿ ಹಾಗೆನ್ನುತ್ತಾರೆ. ಅವನ ಶಿಷ್ಯರಲ್ಲಿ ಲಾಳ ಕಾಣದವನು ಒಬ್ಬನೇ, ಭರಮಾ. ಅದನ್ನು ಅವನು ಎದೆ ಸೆಟೆಸಿ ಹೇಳಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಭರಮಾ ಗೆಳೆಯ ಅಡಿವೆಪ್ಪನೊಡನೆ ಕುಸ್ತಿ ಹಿಡಿದ. ಒಂದೇ ಚರಿಗೆಯ ಹಾಲು ಕುಡಿದು ಬೆಳೆದವರು ಅವರು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಉರುಳಿದರು. ಕಟ್ ಎಂದು ಒಂದು ಸಪ್ಪಳವಾಯಿತು. ಭರಮಾ ಮೊಣಕಾಲು ಹಿಡಿದುಕೊಂಡು ಚೀರಿದ. ಕುಸ್ತಿ ಅಲ್ಲಿಗೇ ನಿಂತಿತು.

ಶಹರದ ದವಾಖಾನೆಯಲ್ಲಿ ಆಪರೇಶನ್ ಆಯಿತು. ಮೊಣಕಾಲೊಳಗಿನ ಲಿಗಮೆಂಟ್ ಹರಿದಿತ್ತು. ಡಾಕ್ಟರು ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು ಅಲ್ಲಿ ಕೂಡಿಸಿದರು.

ನೋಡಲು ಬಂದವರು, "ಅಡಿವೆಪ್ಪ ಕಾಲು ತಿರುವಿದನಂತಲ್ಲೋ?" ಎಂದರು. ಭರಮಾ ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಗೋಡೆಯ ಕಡೆ ಹೊರಳಿ ಮಲಗಿದ.

ಅಡಿವೆಪ್ಪನೂ ಬಂದ. ಬಾಳೆಹಣ್ಣು ತಲೆದೆಸೆಯಲ್ಲಿಟ್ಟು ಕೇಳಿದ: "ನಂದ ತಪ್ಪೇನೋ ಭರಮಾ?"

"ಆದದ್ದಾತು. ಹೋಗು."

ಅಡಿವೆಪ್ಪ ಹೋದ.

ಭರಮಾ ಕೋಲು ಹಿಡಿದು ನಡೆದ, ಆಮೇಲೆ ಕೋಲು ಬಿಟ್ಟು ನಡೆದ. ಕಂಬದಂಥ ತೊಡೆ ಬತ್ತಿ ಬೆಂಡಾಗಿತ್ತು. ಡಾಕ್ಟರು ಹೇಳಿದಂತೆ ದಿನವೂ ಹಲ್ಲು ಕಚ್ಚಿ ಮೊಣಕಾಲು ಮಡಚಿದ, ಚಾಚಿದ, ಮೆಟ್ಟಿಲು ಹತ್ತಿಳಿದ. ಮಳೆಗಾಲ ಹೋಗಿ ಸುಗ್ಗಿ ಬಂತು, ಮತ್ತೆ ಮಳೆ ಹಿಡಿದು ಬಿಟ್ಟಿತು. ಬತ್ತಿದ ತೊಡೆ ತುಂಬಿಕೊಂಡಿತು. "ಇನ್ನು ಆಡಬಹುದು," ಎಂದರು ಡಾಕ್ಟರು.

ಆ ದಿನವೇ ಭರಮಾ ಗರಡಿಗೆ ಬಂದ.

"ವಸ್ತಾದರ, ಡಾಕ್ಟರು ಹೂಂ ಅಂದಾರ್ರಿ. ನಾಳಿಂದ ಇಳೀತೇನಿ."

"ಕುಂದ್ರು," ಎಂದ ಗುರು. ಭರಮಾ ಕುಕ್ಕರಗಾಲಲ್ಲಿ ಕೂತ.

"ಏಳು." ಎದ್ದ. "ಜಿಗಿ." ಜಿಗಿದ. "ಹೊಳಿ ಮುಟ್ಟಿ ಬಾ." ಓಡಿ ಹೋಗಿ ಓಡಿ ಬಂದ.

ಗುರು ಅವನ ಎರಡೂ ತೊಡೆಗಳನ್ನು ಒತ್ತಿ ನೋಡಿದ. "ಕಾಲು ಛಲೋ ಆಗೈತಿ."

"ಹಂಗಾರ ಇಳೀಲ್ರಿ?"

"ನಿಂದೊಂದು ಕುಸ್ತಿ ಅರ್ಧಕ್ಕ ನಿಂತೈತಿ. ಅಡಿವೆಪ್ಪನ್ನ ಕರಕೊಂಡು ಬಾ."

"ಅಂವ ಗರಡಿ ಬಿಟ್ಟಾನಲ್ರಿ. ಗಾಣದಾಗ ಬೆಲ್ಲದ ಕೊಪ್ಪರಿಗಿ ತಿರುವತಾನ."

"ಗಾಣದ ದಾರಿ ಗೊತ್ತಿಲ್ಲೇನು?"

ಭರಮಾ ಗಾಣಕ್ಕೆ ಹೋದ. ಕುದಿಯುವ ಕಬ್ಬಿನ ಹಾಲಿನ ಮುಂದೆ ಅಡಿವೆಪ್ಪ ಉದ್ದನೆಯ ಹುಟ್ಟು ಹಿಡಿದು ನಿಂತಿದ್ದ.

"ಬಾರೋ ಪೈಲ್ವಾನ. ಬಿಸಿ ಬೆಲ್ಲಾ ತಿನ್ನು."

"ಬೆಲ್ಲಾ ಬ್ಯಾಡ. ನಡಿ, ಕುಸ್ತಿ ಮುಗಸೂಣು."

ಅಡಿವೆಪ್ಪ ತನ್ನ ಅಂಗೈ ನೋಡಿಕೊಂಡ. "ಈ ಕೈಯಾಗ ಹಿಡಿತ ಇಲ್ಲೋ. ಯಾರನ್ನರ ಬಿಗಿಯಾಗಿ ಹಿಡದ್ರ ಆ ಸಪ್ಪಳ ಕೇಳಸ್ತೈತಿ. ಮಗಳನ್ನ ಎತ್ತಿಕೊಳ್ಳಾಕೂ ಹೆದರತೇನಿ."

"ನಾ ನಿನಗೇನೂ ಅಂದಿಲ್ಲಲ್ಲ."

"ಹೌದು," ಎಂದ ಅಡಿವೆಪ್ಪ ಹುಟ್ಟು ತಿರುವುತ್ತ. "ನೀ ಏನೂ ಅನ್ನಲಿಲ್ಲ."

ಭರಮಾ ಬರಿಗೈಯಲ್ಲಿ ತಿರುಗಿ ಬಂದ.

"ಅಂವ ಬರೂದಿಲ್ರಿ. ಕಾಲು ಮುರದದ್ದು ನಂದು. ಗರಡಿ ಬಿಟ್ಟಂವ ಅಂವ. ಅದಕ್ಕ ನಾ ಯಾಕ ಹೊರಗ ನಿಂದರಬೇಕ್ರಿ?"

ಗುರು ಅಖಾಡಕ್ಕೆ ಇಳಿದು, ನಡುವೆ ನಿಂತು, ದೊಪ್ಪನೆ ಹಿಂದಕ್ಕೆ ಬಿದ್ದ. ಮುದುಕನಿಗೆ ಏನಾಯಿತೋ ಎಂದು ಭರಮಾ ಓಡಿ ಹೋಗಿ ರಟ್ಟೆ ಹಿಡಿದ.

"ಎಬ್ಬಸಬ್ಯಾಡ. ಬಾಜೂಕ ಬೀಳು."

"ನಾನ್ರಿ?"

"ಮತ್ತ್ಯಾರು, ಆ ಕಂಬಾನ?"

"ನನ್ನ ಬೆನ್ನಿಗೆ ಎಂದೂ ಮಣ್ಣು..."

"ಗೊತ್ತೈತಿ. ನನ್ನ ಬೆನ್ನು ನೋಡು, ಬಿತ್ತಿದ್ರ ಜೋಳಾ ಬೆಳೀತಾವು. ಬೀಳು."

ಭರಮಾ ಬೀಳಲಿಲ್ಲ. ಮೊದಲು ಕೂತ, ಮೆಲ್ಲಗೆ ಮೊಳಕೈ ಊರಿ ಒರಗಿದ.

"ಮೊಳಕೈ ತಗಿ."

ತೆಗೆದ. ಮಣ್ಣು ತಣ್ಣಗಿತ್ತು. ಅದಕ್ಕೆ ಬೆರೆಸಿದ ಅರಿಸಿನದ, ಮಜ್ಜಿಗೆಯ ವಾಸನೆ ಮೂಗಿಗೆ ಬಂತು. ಭರಮಾ ಕಣ್ಣು ತೆರೆದ.

ತೊಲೆಯ ಮೇಲೆ ಲಾಳವಿತ್ತು. ಒಂದು ಕೊನೆ ಮುರಿದ, ಜೇಡ ಬಲೆ ಕಟ್ಟಿದ ಲಾಳ.

ಆ ಮುರಿದ ಕೊನೆ ಅವನಿಗೆ ಗೊತ್ತಿತ್ತು.

ಅವತ್ತು ನೋಡಿದ್ದ. ಬೆನ್ನಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಅಡಿವೆಪ್ಪನ ಒಂದು ಕೈ ಅವನ ಕತ್ತಿನ ಕೆಳಗಿತ್ತು, ಇನ್ನೊಂದು ಸೊಂಟದ ಮೇಲೆ. ಕಾಲಿನ ಹತ್ತಿರ ಯಾವ ಕೈಯೂ ಇರಲಿಲ್ಲ. ಲಾಳ ಕಂಡಿತು. ಕಂಡದ್ದೇ ಭರಮಾ ಹಿಮ್ಮಡಿಯನ್ನು ಮಣ್ಣಿಗೆ ನೆಟ್ಟು, ಇಡೀ ಮೈಯನ್ನು ಅದರ ಮೇಲೆ ತಿರುಚಿದ್ದ. ಆಮೇಲೆ ಸಪ್ಪಳ.

"ಏನು ಕಂಡಿತು?" ಪಕ್ಕದಲ್ಲಿ ಮಲಗಿದ್ದ ಗುರು ಕೇಳಿದ.

"ಲಾಳ ರೀ."

"ಮೊದಲನೇ ಸಲ ಏನು?"

ಭರಮಾ ಪಕ್ಕದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದ.

"ಅಲ್ರಿ."

ಗುರು ಎದ್ದು ಕೂತು ಮಣ್ಣು ಕೊಡವಿಕೊಂಡ.

"ನಿಮಗ ಗೊತ್ತಿತ್ತೇನ್ರಿ?"

"ಅಖಾಡದ ದಂಡಿಗೇ ನಿಂತಿದ್ದೆ."

"ಮತ್ತ ಯಾಕ ಅವಗ ಹೇಳಲಿಲ್ರಿ?"

"ಹೇಳಿದೆ. 'ನಿಮ್ಮ ಬಾಯಿಂದ ಬ್ಯಾಡ್ರಿ ವಸ್ತಾದರ, ಭರಮಾ ಹೇಳಲಿ' ಅಂದ. ಹಾದಿ ನೋಡಿದ. ಆಮೇಲೆ ಗಾಣಕ್ಕ ಹೋದ."

ಭರಮಾ ಮತ್ತೆ ಗಾಣದ ದಾರಿ ಹಿಡಿದ. ಈ ಸಲ ಒಲೆಯ ಪಕ್ಕದಲ್ಲಿ ಕೂತ. ಪಾಕ ಇಳಿಸಿದ ಮೇಲೆ ಅಡಿವೆಪ್ಪನೇ ಕೇಳಿದ: "ಮತ್ತ ಕುಸ್ತಿಗೆ ಕರಿಯಾಕ ಬಂದೆಯೇನು?"

"ಸೋಲಾಕ ಬಂದೇನಿ. ನೀ ಬಂದ್ರ ಸೋಲತೇನಿ."

ಅಡಿವೆಪ್ಪ ನಕ್ಕ. "ನೀ? ಅದನ್ನ ನೋಡಾಕರ ಬರಬೇಕಾತು."

ಮರುದಿನ ಬೆಳಿಗ್ಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ಇಬ್ಬರೂ ಒಂದೊಂದು ಹಿಡಿ ಮಣ್ಣನ್ನು ಒಬ್ಬರ ಕೈಗೊಬ್ಬರು ಕೊಟ್ಟು ಕೈ ಕೂಡಿಸಿದರು. ಅಡಿವೆಪ್ಪನ ಕೈ ಹಳೆಯ ರೂಢಿಯಂತೆ ಭರಮಾನ ಕತ್ತಿಗೆ ಬಂತು. ಬಂದದ್ದೇ ಸಡಿಲಾಯಿತು.

ಭರಮಾ ಬಿದ್ದ. ಹಿಡಿದವರಿಲ್ಲದೆ, ತಳ್ಳಿದವರಿಲ್ಲದೆ, ಅಂಗಾತ ಬಿದ್ದ.

ಗರಡಿಯ ಹುಡುಗರು ಯಾರೂ ನಗಲಿಲ್ಲ.

"ಲಾಳ ಕಂಡಿತೇನೋ?" ಎಂದ ಅಡಿವೆಪ್ಪ. ಕಾಡುವ ದನಿ ಅವನಿಗೆ ಪೂರಾ ಹತ್ತಲಿಲ್ಲ.

"ಕಂಡಿತು," ಎಂದ ಭರಮಾ. "ಅವತ್ತೂ ಕಂಡಿತ್ತೋ ಅಡಿವೆಪ್ಪಾ. ನೀ ನನ್ನ ಕಾಲು ಮುಟ್ಟೇ ಇರಲಿಲ್ಲ. ತಿರುಚಿದಂವ ನಾನು."

ಅಡಿವೆಪ್ಪ ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡ. ಹತ್ತಿದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ.

"ಒಲಿ ಹಚ್ಚೂ ಹೊತ್ತಾತು," ಎಂದು ಹೊರಟ. ಚಪ್ಪಲಿ ಮೆಟ್ಟುವಾಗಲೂ ಹಿಂದೆ ತಿರುಗಲಿಲ್ಲ.

ನಿಂತ ಕುಸ್ತಿ ಮುಗಿದಿತ್ತು. ಇನ್ನು ಭರಮಾ ಯಾರೊಡನೆ ಬೇಕಾದರೂ ಮಣ್ಣಿಗೆ ಇಳಿಯಬಹುದಿತ್ತು. ಮೊಣಕಾಲು ಗಟ್ಟಿಯಾಗಿತ್ತು, ತೊಡೆ ತುಂಬಿತ್ತು. ಆದರೂ ಎದ್ದು ಅಖಾಡದ ದಂಡೆಗೆ ಕೂತವನು ಅಲ್ಲಿಂದ ಏಳಲಿಲ್ಲ.

"ವಸ್ತಾದರ, ಬೀಳೂದು ಬಿದ್ದೆ. ಹೇಳೂದು ಹೇಳಿದೆ. ನಾಳಿ ಅಂವ ಬರತಾನಿಲ್ರಿ?"

ಗುರು ಸಲಿಕೆ ತೆಗೆದುಕೊಂಡು, ಮಣ್ಣಿನಲ್ಲಿ ಮೂಡಿದ್ದ ಭರಮಾನ ಬೆನ್ನಿನ ಗುರುತನ್ನು ಮೆಲ್ಲಗೆ ಕೆದಕತೊಡಗಿದ.

ಕುಸ್ತಿಯ ಹೆಸರಿನ ಹಾಗೆ ಇದೂ ಈ ಅಜ್ಜಿಗೆ ಮರೆತು ಹೋದೀತು, ನೀನೇ ಬರೆದಿಟ್ಟುಕೋ ಮಗಳೇ. ವಸ್ತಾದ ಅಂದದ್ದು ಇಷ್ಟು:

"ಬಿದ್ದದ್ದು ಖರೆ, ತಮ್ಮಾ. ಆದರ ಬೀಳೂ ದಿವಸ ಇವತ್ತಲ್ಲ, ಅವತ್ತಿತ್ತು."