ಕುರುಡಜ್ಜಿಗೆ ಹುಲ್ಲು ತೋರಿಸಿದ ಕೆಂಚಿ

ಮುತ್ತುಗದ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಜಿಂಕೆಗಳ ಹಿಂಡೊಂದಿತ್ತು. ಹಿಂಡಿಗೆ ಹಿರಿಯಳು ಬೂದಜ್ಜಿ. ಅವಳ ಎರಡು ಕಣ್ಣೂ ಹೋಗಿದ್ದವು, ಬುದ್ಧಿ ಮಾತ್ರ ಚುರುಕಾಗಿತ್ತು. ಹೊಸ ಜಾಗಕ್ಕೆ ಮೇಯಲು ಹೊರಡುವ ಮೊದಲು ಅದನ್ನು ನೋಡಿ ಬಂದವರು ಅಜ್ಜಿಯ ಮುಂದೆ ನಿಂತು ಎಲ್ಲವನ್ನೂ ಹೇಳಬೇಕು. ಅಜ್ಜಿ ಒಪ್ಪಿದರೆ ಮಾತ್ರ ಹಿಂಡು ಹೆಜ್ಜೆ ಎತ್ತಬೇಕು. ಇದು ಆ ಹಿಂಡಿನ ಕಟ್ಟಳೆ.

ಹೀಗೆ ನೋಡಿ ಬಂದು ಹೇಳುವ ಕೆಲಸವನ್ನು ಕೆಂಚಿ ಎಂಬ ಎಳೆಯ ಜಿಂಕೆ ಕಲಿಯುತ್ತಿದ್ದಳು. ಕಲಿಕೆಯೇನು ಸುಲಭವಿರಲಿಲ್ಲ.

"ಅಜ್ಜೀ, ಹೊಳೆಯ ದಂಡೆ ಬಹಳ ಚೆನ್ನಾಗಿದೆ," ಎಂದರೆ ಅಜ್ಜಿ ಮುಖ ಸಿಂಡರಿಸುವಳು.

"ಚೆನ್ನಾಗಿದೆ ಅಂದರೆ ನನಗೇನು ಕಂಡ ಹಾಗಾಯಿತು? ಗೊರಸಿನ ಕೆಳಗೆ ಮಣ್ಣು ಹೇಗಿತ್ತು? ಗಾಳಿ ಯಾವ ವಾಸನೆ ತಂದಿತು? ಕಿವಿಗೆ ಏನು ಬಿತ್ತು? ಹೋಗು ಮಗಳೇ, ಇನ್ನೊಂದು ಸಲ ಹೋಗಿ ಬಾ."

ಕೆಂಚಿ ಮತ್ತೆ ಹೋಗುವಳು, ಮತ್ತೆ ಬರುವಳು. ಒಂದೇ ಒಂದು ಬಿದಿರೆಲೆಯನ್ನು ಕಣ್ಣು ಮುಚ್ಚಿಕೊಂಡು ಮೂಸುವಳು, ನೆಕ್ಕುವಳು, ಮೂತಿಗೆ ಉಜ್ಜಿಕೊಳ್ಳುವಳು. ಉಳಿದ ಜಿಂಕೆಗಳಿಗೆ ನಗುವೋ ನಗು. "ಅಜ್ಜಿಗೆ ಅರಳುಮರಳು, ಇವಳಿಗೆ ಬರೀ ಮರುಳು," ಎಂದು ಆಡಿಕೊಂಡವು. ಕೆಂಚಿಗೆ ಅಳು ಬರುತ್ತಿತ್ತು. ಆದರೂ ಬಿಡಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಮೇವೆಲ್ಲ ಸುಟ್ಟು ಬೂದಿಯಾಯಿತು. ಮೂರು ದಿನ ಹಿಂಡಿಗೆ ತಿನ್ನಲು ಒಂದು ಎಸಳೂ ಸಿಗಲಿಲ್ಲ. ತಾಯಂದಿರ ಹಾಲು ಬತ್ತಿತು. ಮರಿಗಳು ಎದ್ದು ನಿಲ್ಲಲಾರದೆ ನೆಲ ಹಿಡಿದವು. ಕೆಂಚಿ ಮೂಡಣಕ್ಕೆ ಹೋಗಿ ಬಂದಳು, ತೆಂಕಣಕ್ಕೆ ಹೋಗಿ ಬಂದಳು. ಎರಡು ಕಡೆಯೂ ಕರಿ ನೆಲವೇ.

ನಾಲ್ಕನೆಯ ದಿನ ಮಧ್ಯಾಹ್ನ ನರಿಯೊಂದು ಬಾಲ ಕುಣಿಸುತ್ತಾ ಬಂದಿತು.

"ಅಯ್ಯೋ ಪಾಪ, ಮರಿಗಳ ಗತಿ ನೋಡಲಾಗುವುದಿಲ್ಲ. ಬೂದಜ್ಜೀ, ಆ ಎರಡು ಬಂಡೆಗಳ ಸಂದಿ ದಾಟಿದರೆ ಒಂದು ಕಣಿವೆ ಇದೆ. ಹಸಿರೋ ಹಸಿರು! ನೋಡಲು ಎರಡು ಕಣ್ಣು ಸಾಲದು. ನಡುವೆ ತುಂಬಿದ ಕೆರೆ. ಹೊತ್ತು ಇಳಿಯುವುದರೊಳಗೆ ಹೊರಟರೆ ಮರಿಗಳು ಉಳಿದಾವು. ದಾರಿ ನಾನು ತೋರಿಸುತ್ತೇನೆ."

ಹಿಂಡಿನ ಮುಂದಾಳು ಕೊಂಬಣ್ಣ ಎದ್ದೇ ಬಿಟ್ಟನು. "ಇನ್ನೇನು ಯೋಚನೆ? ನಡೆಯಿರಿ."

"ತಡಿಯೋ ಕೊಂಬಣ್ಣ," ಎಂದಳು ಬೂದಜ್ಜಿ. "ಕಟ್ಟಳೆ ಕಟ್ಟಳೆಯೇ. ಕೆಂಚಿ, ನೀನು ಕೇಳು. ಹೇಳುವುದನ್ನು ಕಲಿತವಳಿಗೆ ಕೇಳುವುದೂ ಬರಬೇಕು."

ಕೆಂಚಿ ಯೋಚಿಸಿದಳು. ಕಣಿವೆ ನಿಜವಾಗಿದ್ದು ತಾನು ತಡಮಾಡಿದರೆ ಮರಿಗಳು ಸಾಯುತ್ತವೆ. ನರಿಯ ಮಾತು ಸುಳ್ಳಾಗಿದ್ದರೆ ಹಿಂಡಿಗೆ ಹಿಂಡೇ ಹೋಗುತ್ತದೆ. ಒಣಗಿದ ಬಾಯಿಯನ್ನು ಸವರಿಕೊಂಡು ಮೆಲ್ಲನೆ ಕೇಳಿದಳು.

"ನರಿಯಣ್ಣಾ, ಆ ಹುಲ್ಲು ಬಾಯಿಗೆ ಹೇಗಿತ್ತು?"

"ಜೇನೇ ಜೇನು, ತಂಗೀ."

ಎಳೆ ಹುಲ್ಲು ಕಚ್ಚಿದ ಕೂಡಲೇ ನಾಲಿಗೆಗೆ ಹತ್ತುವುದು ಒಗರು ಎಂದು ಕೆಂಚಿಗೆ ಗೊತ್ತಿತ್ತು. ಆದರೆ ಕೊಂಬಣ್ಣ ಸಿಡುಕಿದನು. "ಮಾಂಸ ತಿನ್ನುವವನಿಗೆ ಹುಲ್ಲಿನ ರುಚಿ ಎಲ್ಲಿಂದ ಗೊತ್ತಾಗಬೇಕು? ನಿನ್ನ ಪ್ರಶ್ನೆ ತಿಂದು ಮರಿಗಳ ಹೊಟ್ಟೆ ತುಂಬುತ್ತದೆಯೇ?"

ತಾಯಂದಿರೂ ಗೊಣಗಿದರು. ಒಂದೆರಡು ಜಿಂಕೆಗಳು ಬಂಡೆಗಳ ಕಡೆ ಆಗಲೇ ಮುಖ ಮಾಡಿದ್ದವು. ಕೆಂಚಿ ಇನ್ನೊಂದೇ ಒಂದು ಪ್ರಶ್ನೆ ಕೇಳಿದಳು.

"ಕೆರೆಯ ಬಳಿ ನಿಂತಾಗ ಕಿವಿಗೆ ಏನು ಕೇಳಿಸಿತು?"

ನರಿ ಉಬ್ಬಿ ಹೋಯಿತು. ಹೊಗಳಲು ಒಳ್ಳೆಯ ವಿಷಯವೇ ಸಿಕ್ಕಿತೆಂದುಕೊಂಡಿತು. "ಏನೂ ಇಲ್ಲ! ಒಂದು ಹಕ್ಕಿಯ ಕೂಗಿಲ್ಲ, ಒಂದು ಕಪ್ಪೆಯ ವಟವಟವಿಲ್ಲ. ಎಲೆ ಬಿದ್ದರೂ ಕೇಳಿಸಬೇಕು. ಅಂಥ ಶಾಂತಿಯನ್ನು ನಾನು ಬೇರೆಲ್ಲೂ ಕಾಣಲಿಲ್ಲ."

ಕೆಂಚಿಯ ಬೆನ್ನ ಮೇಲಿನ ರೋಮ ನಿಮಿರಿತು.

"ತುಂಬಿದ ಕೆರೆಯಲ್ಲಿ ಕಪ್ಪೆಗಳು ಯಾಕೆ ಬಾಯಿ ಮುಚ್ಚಿಕೊಂಡಿವೆ? ಹಕ್ಕಿಗಳು ಯಾಕೆ ಸುಮ್ಮನಿವೆ? ಕಾಡಿನಲ್ಲಿ ಎಲ್ಲರೂ ಒಟ್ಟಿಗೆ ಸುಮ್ಮನಾಗುವುದು ಯಾವಾಗ, ಕೊಂಬಣ್ಣಾ?"

ಚಿರತೆಯೋ ಹುಲಿಯೋ ಹೊಂಚು ಹಾಕಿದಾಗ ಕಾಡು ಉಸಿರು ಬಿಗಿ ಹಿಡಿಯುತ್ತದೆಂದು ಹಾಲು ಕುಡಿಯುವ ಮರಿಗೂ ಗೊತ್ತು. ಬಂಡೆಗಳ ಕಡೆ ತಿರುಗಿದ್ದ ಜಿಂಕೆಗಳು ಹಿಂದೆ ಸರಿದವು.

"ಅದು... ಹಕ್ಕಿಗಳು ಇದ್ದವು, ಬೇಕಾದಷ್ಟು ಇದ್ದವು, ನಾನೇ ಮರೆತೆ," ಎಂದು ನರಿ ತೊದಲಿತು.

"ಯಾವ ಹಕ್ಕಿ?" ಎಂದಳು ಬೂದಜ್ಜಿ. "ಹೇಗೆ ಕೂಗಿತು?"

ನರಿ ಒಂದು ಹೆಜ್ಜೆ ಹಿಂದಿಟ್ಟಿತು. ಕೊಂಬಣ್ಣ ಕೊಂಬು ತಗ್ಗಿಸಿದ್ದೇ ತಡ, ಅದು ಬಂಡೆಗಳ ಸಂದಿಗೆ ಓಟ ಕಿತ್ತಿತು. ಅಲ್ಲಿ ಬೆಳಗಿನಿಂದ ಹಸಿದು ಕಾದಿದ್ದದ್ದು ಚಿರತೆ. ಹಿಂಡನ್ನು ಕರೆತರುತ್ತೇನೆ, ಮಿಕ್ಕಿದ್ದರಲ್ಲಿ ನನಗೂ ಪಾಲು ಕೊಡು ಎಂದು ನರಿ ಅದರೊಡನೆ ಮಾತು ಮಾಡಿಕೊಂಡಿತ್ತು.

"ಹಿಂಡೆಲ್ಲಿ?" ಎಂದು ಚಿರತೆ ಕೇಳಿತು.

"ಒಡೆಯಾ, ನಾಳೆ ಖಂಡಿತ..."

"ನಾಳೆಯ ಹಿಂಡಿಗಿಂತ ಇಂದು ಬಂದವನೇ ಸಾಕು," ಎಂದು ಚಿರತೆ ಅದರ ಮೇಲೆ ನೆಗೆಯಿತು. ಜಿಂಕೆಗಳಿಗೆ ನರಿಯ ಕೂಗು ಒಂದೇ ಒಂದು ಸಲ ಕೇಳಿಸಿತು.

ಅಪಾಯವೇನೋ ತಪ್ಪಿತು. ಆದರೆ ಮರಿಗಳ ಹೊಟ್ಟೆ ಹಾಗೆಯೇ ಇತ್ತು. ಕೆಂಚಿ ನಿಲ್ಲಲಿಲ್ಲ. ಇನ್ನೂ ನೋಡದೆ ಉಳಿದಿದ್ದ ಬಡಗಣ ದಿಕ್ಕಿಗೆ ಓಡಿದಳು. ಬಿಸಿಲು ಬಾಗುವ ಹೊತ್ತಿಗೆ ಏದುಸಿರು ಬಿಡುತ್ತಾ ಬಂದು ಅಜ್ಜಿಯ ಮುಂದೆ ನಿಂತಳು.

"ಅಜ್ಜೀ, ಮೊದಲು ಬೂದಿ ಗೊರಸಿಗೆ ಬಿಸಿ ತಾಕುತ್ತದೆ. ಆಮೇಲೆ ಹಳ್ಳ ಇಳಿದರೆ ಮಣ್ಣು ತಣ್ಣಗೆ, ಜಿಗಿ ಜಿಗಿ. ಗೊರಸು ಎತ್ತಿದರೆ ಪಚಕ್ ಅನ್ನುತ್ತದೆ. ಕೆಸರಿನ ವಾಸನೆ, ಅದರ ಜೊತೆ ಹಸಿ ಜೊಂಡಿನ ಕಂಪು. ಕಪ್ಪೆಗಳು ಮಾತಾಡಲು ಬಿಡುವುದಿಲ್ಲ, ಅಷ್ಟು ಗಲಾಟೆ. ಹುಲ್ಲು ನನ್ನ ಮೊಣಕಾಲಿನಷ್ಟಿದೆ. ಕಚ್ಚಿದರೆ ಮೊದಲು ಒಗರು, ಅಗಿದಂತೆಲ್ಲ ಬಾಯಿ ತುಂಬ ತಂಪು ನೀರು."

ಬೂದಜ್ಜಿ ಖಾಲಿ ಬಾಯಿಯನ್ನೇ ಮೆಲುಕು ಹಾಕತೊಡಗಿದಳು. ನೆಲ ಹಿಡಿದಿದ್ದ ಮರಿಯೊಂದು ಮೂತಿ ನೆಕ್ಕಿಕೊಂಡಿತು. ನಡುಗುವ ಕಾಲುಗಳ ಮೇಲೆ ತಾನಾಗಿ ಎದ್ದು ನಿಂತಿತು.

"ಕೆಂಚಕ್ಕಾ, ಎಷ್ಟು ದೂರ?" ಎಂದು ಕೇಳಿತು.

ನೀತಿ: ಬಣ್ಣದ ಮಾತಿಗೆ ಮರುಳಾಗಬಾರದು. ಮುಟ್ಟಿ, ಮೂಸಿ, ಆಲಿಸಿ, ಸವಿದು ಹೇಳಿದ ಮಾತು ಕಣ್ಣಿಲ್ಲದವರಿಗೂ ಕಾಣುತ್ತದೆ.