ಮುಚ್ಚದೆ ಉಳಿದ ಕೌದಿಯ ಮೂಲೆ

ಪೂಜ್ಯ ನೀಲಗಂಗಮ್ಮ ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಹಿರೇಕೊಳ್ಳದ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು, ಊರವರ ಹಳೆಯ ಬಟ್ಟೆಗಳಿಂದ ಬಡವರಿಗೆ ಕೌದಿ ಹೊಲಿಯುವುದೇ ಅವರ ಪೂಜೆಯಾಗಿತ್ತು.

ಒಂದು ಮುಂಜಾನೆ ಕಮ್ಮಾರ ಮಾನಪ್ಪ ತನ್ನ ಎಂಟು ವರ್ಷದ ಮಗಳು ಕಾಳವ್ವನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದ. ಕೂಸಿನ ಮುಷ್ಟಿಯಲ್ಲಿ ತೀರಿಹೋದ ತಾಯಿಯ ಕುಪ್ಪಸದ ತೋಳೊಂದಿತ್ತು. ಅವಳಿಗೆ ಗೆಳತಿಯರಿಲ್ಲ, ಮಾತಿಲ್ಲ, ಇದ್ದದ್ದು ಅದೊಂದೇ. ಮಾನಪ್ಪನ ಸಿಟ್ಟೋ, ಕುಲುಮೆ ಆರಿದರೂ ಆರುವಂಥದ್ದಲ್ಲ.

“ಯವ್ವಾ, ಈ ಚಿಂದಿ ಹಿಡ್ಕೊಂಡು ಮೂಕಿ ಆಗ್ಯಾಳ. ಎಷ್ಟು ಬಡಿದ್ರೂ ಬಿಡವಲ್ಲಳು. ನೀವಾರ ಹೇಳ್ರಿ, ಇಲ್ಲಾಂದ್ರ ಇವತ್ತು ಆ ಚಿಂದೀನ ಕುಲುಮ್ಯಾಗ ಒಗೀತೀನಿ.”

ಕೂಸಿನ ಮೈಮೇಲಿನ ಬಾಸುಂಡೆ ಕಂಡು ತಾಯಿಯವರ ಕಣ್ಣು ತುಂಬಿದವು. “ಇದನ್ನ ಕೌದ್ಯಾಗ ಹೊಲಿಯೋಣೇನವ್ವಾ? ನೀನ ಹೊದ್ಕೊಳ್ಳೂವಂತಿ,” ಎಂದು ಅವಳನ್ನು ಕೇಳಿದರು. ಕಾಳವ್ವ ಹೂಂ ಎಂಬಂತೆ ತಲೆಯಾಡಿಸಿ, ಆ ತೋಳನ್ನು ಅವರ ಕೈಗಿಟ್ಟಳು. ಆಗ ತಾಯಿಯವರು ಮಾನಪ್ಪನ ಕಡೆ ತಿರುಗಿದರು.

“ತಮ್ಮಾ, ನಿನ್ನ ಅಂಗೀದೂ ಒಂದು ತೋಳು ಬೇಕು. ಯಾವ ಕೈಲೆ ಹೊಡೀತಿ, ಆ ಕೈದು.”

ಅವರ ಮಾತು ಮೀರುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ. ಮಾನಪ್ಪ ಬಲದೋಳನ್ನು ಪರ್ರನೆ ಹರಿದುಕೊಟ್ಟ.

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಹೊಲಿಯುವುದು ಆ ಸೀಮೆಯ ಪದ್ಧತಿ. ಆ ರೊಟ್ಟಿಯನ್ನು ಪ್ರತಿ ಶನಿವಾರ ಮಾನಪ್ಪನೇ ಬಡಿದು ತರಬೇಕು, ಮೂಲೆ ಯಾವಾಗ ಮುಚ್ಚಬೇಕೆಂಬುದು ಕಾಳವ್ವನ ಇಷ್ಟ, ಅಲ್ಲಿಯತನಕ ಅವಳು ತಮ್ಮ ಬಳಿಯೇ ಇರತಕ್ಕದ್ದು ಎಂದು ತಾಯಿಯವರು ಅಪ್ಪಣೆ ಮಾಡಿದರು.

ಸುತ್ತಿಗೆ ಹಿಡಿದ ಕೈಗೆ ರೊಟ್ಟಿ ಬಂದೀತೇ? ಮೊದಲ ಶನಿವಾರ ತಂದದ್ದು ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ, ನಾಯಿಯೂ ಮೂಸಲಿಲ್ಲ. ಬೆವರೊರೆಸಲು ಅವನು ಕೈಯೆತ್ತಿದರೆ ಸಾಕು, ಕಂಬದ ಹಿಂದೆ ಕಾಳವ್ವ ತಲೆ ಮುಚ್ಚಿಕೊಳ್ಳುತ್ತಿದ್ದಳು. ಹೀಗೇ ವಾರಗಳು ಕಳೆದವು.

“ಇನ್ನೆಷ್ಟು ದಿನಾ ರೀ ಯವ್ವಾ?” ಎಂದು ಒಮ್ಮೆ ಸಿಡುಕಿದ.

ತಾಯಿಯವರು ಹೊಲಿಗೆಯಿಂದ ತಲೆಯೆತ್ತಲಿಲ್ಲ. “ಆ ಕೂಸಿಗೆ ಅಂಜಿಕಿ ಕಲಿಸಾಕ ನಿನಗೆಷ್ಟು ದಿನಾ ಹಿಡೀತಪ್ಪಾ?”

ಮಾನಪ್ಪ ಕಟ್ಟೆಯ ಕೆಳಗೆ ಕುಸಿದು ಬಿಕ್ಕಿಬಿಕ್ಕಿ ಅತ್ತ. ಹೆಂಡತಿ ಸತ್ತಾಗಲೂ ಅವನು ಅತ್ತಿರಲಿಲ್ಲ.

ಹದಿನೇಳನೆಯ ಶನಿವಾರ ರೊಟ್ಟಿ ಚೆನ್ನಾಗಿ ಉಬ್ಬಿತ್ತು. ಕಾಳವ್ವ ತಾನಾಗಿ ಎದುರಿಗೆ ಬಂದಳು. ರೊಟ್ಟಿ ಮುರಿದು ಚೂರನ್ನು ಮೂಲೆಯೊಳಗಿಟ್ಟು, ಸೂಜಿ ಚಾಚಿದಳು.

“ಯಪ್ಪಾ, ದಾರ ಪೋಣಿಸಿ ಕೊಡು.”

ಸೂಜಿಯ ಕಣ್ಣು ಕಾಣಲೆಂದು ಮಾನಪ್ಪ ಬಲಗೈಯನ್ನು ಬೆಳಕಿಗೆ ಎತ್ತಿದ.

ಕೂಸು ಬೆದರಲಿಲ್ಲ. ತಾಯಿಯವರು ಎದ್ದು ನಿಂತು ಆ ಕೂಸಿಗೆ ಕೈಮುಗಿದರು.