ಬಳೆಗಾರನ ನಾಯಿಗಳು

“ಗುರುಗಳೇ, ಹುಳು ಸತ್ತಿತು. ಮನುಷ್ಯ ಬಿದ್ದದ್ದೇಕೆ?”

ಕೇಳಿದವಳು ಕಿರಿಯ ವೈದ್ಯೆ ಗಂಗಾಂಬಿಕೆ. ತಲೆನೋವೆಂದು ನಡೆದುಕೊಂಡೇ ಬಂದಿದ್ದ ಬಡಗಿಯ ಮಿದುಳಿನಲ್ಲಿ ಹುಳುವಿನ ಗುಳ್ಳೆಗಳಿದ್ದವು. ಅವಳು ಹುಳು ಕೊಲ್ಲುವ ಮಾತ್ರೆ ಕೊಟ್ಟಳು. ಮೂರನೆಯ ದಿನ ಅವನು ಫಿಟ್ಸ್ ಬಂದು ನೆಲಕ್ಕೆ ಬಿದ್ದ. ಹಿರಿಯ ವೈದ್ಯ ಪಂಪಣ್ಣನವರು ಓಡಿಬಂದು, ಇಂಜೆಕ್ಷನ್ ಕೊಟ್ಟು ಫಿಟ್ಸ್ ನಿಲ್ಲಿಸಿದರು. ಬಡಗಿ ಇನ್ನೂ ಕಣ್ಣು ತೆರೆದಿರಲಿಲ್ಲ. ಅವನ ಹೆಂಡತಿ ಹಸಿರು ಬಳೆಯ ಕೈ ಮುಗಿದುಕೊಂಡು ಬಾಗಿಲ ಹೊರಗೆ ನಿಂತಿದ್ದಳು.

“ಮಾತ್ರೆಗೆ ಮೊದಲು ಕೊಡುವ, ದೇಹದ ಕಾವಲನ್ನು ತಗ್ಗಿಸುವ ಸ್ಟೀರಾಯ್ಡ್ ಮದ್ದನ್ನು ನಾನು ಬೇಕೆಂದೇ ಬಿಟ್ಟೆ,” ಎಂದಳು ಗಂಗಾಂಬಿಕೆ. “ಶತ್ರು ಮನೆಯೊಳಗಿರುವಾಗ ನಮ್ಮವರ ಕೈ ಕಟ್ಟುವುದುಂಟೇ?”

ಪಂಪಣ್ಣನವರು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನ ಬದುಕೆಲ್ಲ ಒಂದು ಕೋಣೆಯಲ್ಲಿ, ಒಣಹುಲ್ಲಿನ ನಡುವೆ ಇಟ್ಟ ಗಾಜಿನ ಬಳೆಗಳಲ್ಲಿತ್ತು. ಕಾವಲಿಗೆ ನಾಲ್ಕು ನಾಯಿ ಸಾಕಿದ್ದ. ಹೊಸ ವಾಸನೆ ಮೂಗಿಗೆ ಬಡಿದರೆ ಹುಲಿಯನ್ನೂ ಬಿಡದ ನಾಯಿಗಳು ಅವು. ಹೇಗೋ ಒಂದು ಹಾವು ಒಳಗೆ ಸೇರಿತು. ಹುಲ್ಲಿನಲ್ಲೇ ಹೊರಳಿ, ಹುಲ್ಲಿನ ವಾಸನೆಯನ್ನೇ ಹೊದ್ದು ಮಲಗಿತು. ವರ್ಷಗಟ್ಟಲೆ ನಾಯಿಗಳಿಗೆ ತಿಳಿಯಲಿಲ್ಲ. ಹಾವೂ ಒಂದೇ ಒಂದು ಬಳೆ ಒಡೆಯಲಿಲ್ಲ.

ಒಂದು ದಿನ ಬಳೆಗಾರ ಅದರ ಬಾಲ ಕಂಡ. ಮೊಟ್ಟೆಗೆ ವಿಷ ಹಾಕಿ ಇಟ್ಟ. ಹಾವು ನುಂಗಿ ಸತ್ತಿತು. ಪೀಡೆ ತೊಲಗಿತೆಂದು ಅವನು ಎರಡು ದಿನ ಹೊಟ್ಟೆ ತುಂಬ ಉಂಡ.

ಮೂರನೆಯ ದಿನ ಹೆಣ ಕೊಳೆತು ನಾರಿತು. ಇಷ್ಟು ಕಾಲ ಮುಚ್ಚಿದ್ದ ವಾಸನೆ ಬಯಲಾಯಿತು. ನಾಯಿಗಳು ಬಾಗಿಲು ಮುರಿದು ನುಗ್ಗಿದವು. ಹಾವನ್ನು ಹರಿದು ಹಾಕಿದ ಮೇಲೂ ನಿಲ್ಲಲಿಲ್ಲ, ಹುಲ್ಲನ್ನೆಲ್ಲ ಕೆದರಿದವು. ಒಡೆಯ ಗಂಟಲು ಹರಿಯುವಂತೆ ಕೂಗಿದರೂ ಕೇಳಲಿಲ್ಲ.

ಬಳೆಗಾರ ಚೂರುಗಳ ನಡುವೆ ಕುಸಿದು ಕುಳಿತ. “ಇವು ನನ್ನ ನಾಯಿಗಳೇ? ಹಾವು ಮಾಡದ ಹಾಳನ್ನು ಇವು ಮಾಡಿದವಲ್ಲೇ!”

“ನಿಮ್ಮವೇ,” ಎಂದಳು ಹೆಂಡತಿ. “ನೀವು ಕಲಿಸಿದ್ದನ್ನೇ ಮಾಡಿವೆ.”

ಗಂಗಾಂಬಿಕೆ ಬೆಚ್ಚಿಬಿದ್ದಳು. ಹುಳು ಬದುಕಿದ್ದಷ್ಟು ದಿನ ಬಡಗಿ ಮರ ಕೊಯ್ಯುತ್ತಿದ್ದ. ಸತ್ತ ಹುಳುವಿನ ಮೇಲೆ ಮುಗಿಬಿದ್ದು, ಮಿದುಳನ್ನೇ ಊದಿಸಿ ಅವನನ್ನು ಕೆಡವಿದ್ದು ಅವನ ದೇಹದ್ದೇ ಕಾವಲು.

“ಹಾಗಾದರೆ ಹಾವನ್ನು ಕೊಲ್ಲಲೇಬಾರದಿತ್ತೇ? ನಾಯಿ ಸಾಕಿದ್ದೇ ತಪ್ಪೇ?”

ಬಾಗಿಲ ಹೊರಗೆ ಬಡಗಿಯ ಹೆಂಡತಿಯ ಬಳೆಗಳು ಸದ್ದು ಮಾಡಿದವು. ಗುರು ಅತ್ತ ಒಮ್ಮೆ ನೋಡಿದರು.

“ಎರಡೂ ಅಲ್ಲ ಮಗಳೇ, ಮೊಟ್ಟೆ ಇಡುವ ಮೊದಲು ನಾಯಿ ಕಟ್ಟಬೇಕಿತ್ತು.”